ಬಿಚ್ಚಿದ ಹೊರೆ

ಸಮ್ಮೇದ, ಪ್ರಾಚಿ,

ಹೋದ ರವಿವಾರ ನೀವಿಬ್ಬರೂ ಕಾಲುವೆ ದಂಡೆಯಿಂದ ಒಂದು ಗಿಡ ಕಿತ್ತು ತಂದಿದ್ದಿರಿ. ಮೂರು ಮೂರು ಎಲೆ, ತುದಿಗೆ ಸಾಸಿವೆ ಕಾಳಿನಷ್ಟು ಸಣ್ಣ ಹಳದಿ ಹೂವು, ಬೇರಿಗೆ ಅಂಟಿದ ಮಣ್ಣು. ಇದು ಯಾವ ಗಿಡ ಅಜ್ಜಿ ಎಂದು ಕೇಳಿದಿರಿ. ನನಗೆ ಗೊತ್ತಿಲ್ಲ ಅಂದೆ. ನೀವು ಫೋನಿನಲ್ಲಿ ಫೋಟೋ ಹಿಡಿದು ಹುಡುಕಲು ಓಡಿದಿರಿ, ಫೋನು ಒಂದು ಸಲ ಒಂದು ಹೆಸರು, ಇನ್ನೊಂದು ಸಲ ಇನ್ನೊಂದು ಹೆಸರು ಹೇಳಿತೆಂದು ನಕ್ಕು, ಗಿಡವನ್ನು ಕಟ್ಟೆಯ ಮೇಲೆಯೇ ಬಿಟ್ಟು ಆಡಲು ಹೋದಿರಿ.

ನನಗೆ ಗೊತ್ತಿತ್ತು. ಆ ಗಿಡ ನನಗೆ ಗೊತ್ತಿದ್ದಷ್ಟು ಚೆನ್ನಾಗಿ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಯಾರಾದರೂ ಎಲೆ ಹಿಡಿದು ಹೆಸರು ಕೇಳಿದರೆ ನನ್ನ ನಾಲಿಗೆ ಇವತ್ತಿಗೂ ಏಳುವುದಿಲ್ಲ. ಅದರ ಕಾರಣ ನಿಮ್ಮ ಅಜ್ಜನಿಗೆ ತಿಳಿದಿತ್ತು. ಅವರು ಇದ್ದಿದ್ದರೆ ನಿಮ್ಮನ್ನು ಎರಡೂ ಮಗ್ಗುಲಿಗೆ ಕೂರಿಸಿಕೊಂಡು ಅವರೇ ಹೇಳುತ್ತಿದ್ದರು. ನಾನು ಎದುರಿಗೆ ಕೂತು ಹೇಳಲಾರೆ. ಅರ್ಧಕ್ಕೇ ಎದ್ದು ಒಲೆಯ ಕಡೆಗೆ ಹೋಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿಯ ಸಾಲೆಯಲ್ಲಿ ಏಳನೆಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆಗಿನ ಕಾಲವೇ ಬೇರೆ ಎಂದು ಎಲ್ಲ ಮುದುಕಿಯರೂ ಹೇಳುತ್ತಾರೆ. ನಾನು ಹುಲ್ಲಿನ ಮಟ್ಟಿಗೆ ಮಾತ್ರ ಹೇಳುತ್ತೇನೆ. ಆಗ ರಾಯಬಾಗದ ಕಡೆಯ ನಮ್ಮ ತವರೂರಿನಲ್ಲಿ ದನವಿಲ್ಲದ ಮನೆ ಇರಲಿಲ್ಲ. ಹೊಲವಿಲ್ಲದವರಿಗೂ ಒಂದು ಎಮ್ಮೆ ಇರುತ್ತಿತ್ತು. ಊರಿಗೆ ಊರೇ ಮೇವಿನ ವಾಸನೆ. ಬೆಳಿಗ್ಗೆ ಇಬ್ಬನಿಗೆ ನೆನೆದ ಜೋಳದ ಕಣಿಕೆಯ ವಾಸನೆ, ಮಧ್ಯಾಹ್ನ ಶೇಂಗಾದ ಹೊಟ್ಟಿನ ಧೂಳು, ಗಾಳಿ ತಿರುಗಿದರೆ ಹೊಳೆಯಾಚೆಯ ಉಗಾರದ ಸಕ್ಕರೆ ಕಾರ್ಖಾನೆಯಿಂದ ಕಾಕಂಬಿಯ ಹುಳಿ ವಾಸನೆ. ಕಬ್ಬು ಹೇರಿದ ಎತ್ತಿನ ಗಾಡಿಗಳು ನಸುಕಿನಲ್ಲೇ ನಮ್ಮ ಹೊಲದ ದಾರಿಯಲ್ಲಿ ಗಂಟೆ ಬಾರಿಸುತ್ತ ಹೋಗುತ್ತಿದ್ದವು. ನಾವು ಹಿಂದಿನಿಂದ ಓಡಿ ಒಂದು ಕಬ್ಬು ಎಳೆದುಕೊಂಡರೆ ಗಾಡಿಯವನು ಬಾರುಕೋಲು ತೋರಿಸಿ ಬೈದಂತೆ ಮಾಡುತ್ತಿದ್ದ, ಹೊಡೆಯುತ್ತಿರಲಿಲ್ಲ.

ನಾನಾಗ ಐದನೇ ಇಯತ್ತೆಯಲ್ಲಿದ್ದೆ. ಸಾಲೆಯಲ್ಲಿ ಮಾಸ್ತರರು ಹೆಸರು ಕೂಗಿದರೆ "ಹಾಜರ್" ಎನ್ನಲಿಕ್ಕೂ ನನಗೆ ನಾಚಿಕೆ. ಪಕ್ಕದ ಹುಡುಗಿ ನನ್ನ ಪರವಾಗಿ ಕೂಗುತ್ತಿದ್ದಳು. ಮನೆಗೆ ಬೀಗರು ಬಂದರೆ ನಾನು ಜೋಳದ ಕಣಜದ ಹಿಂದೆ. ಇಂಥವಳಿಗೆ ಒಂದೇ ಒಂದು ವಿದ್ಯೆ ಕೈವಶವಾಗಿತ್ತು. ಅದು ಮೇವು ಗುರುತಿಸುವುದು.

ಕಲಿತದ್ದು ಬಾಪು ಕಾಕಾನ ಹೊಲದಲ್ಲಿ. ನಮ್ಮ ಗೋದಿಯ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಒಂದೇ ಬದು, ಬದುವಿಗೆ ಆತುಕೊಂಡು ನೀರಿನ ಕಾಲುವೆ. ಸಂಬಂಧದಲ್ಲಿ ಅವರು ಕಾಕಾ ಅಲ್ಲ, ಬರೀ ಹೊಲದ ನೆರೆಯವರು. ನಮ್ಮಂತೆಯೇ ಜೈನರು, ಬಸದಿಗೆ ದಿನಾಲೂ ಬರುವವರು. ಅವರು ಜರ್ಸಿ ಆಕಳು ಕಟ್ಟಿದ್ದರು, ಅವುಗಳಿಗಾಗಿ ಕಾಯಿಪಲ್ಲೆಯ ಮಡಿ ಮಾಡಿದ ಹಾಗೆ ಮೇವಿನ ಮಡಿ ಮಾಡಿದ್ದರು. ಒಂದರಲ್ಲಿ ಗೋವಿನಜೋಳ, ಒಂದರಲ್ಲಿ ಒತ್ತಾಗಿ ಚೆಲ್ಲಿದ ಮೇವಿನ ಜೋಳ, ಬಾವಿಯ ಬಗಲಿಗೆ ಆನೆ ಹುಲ್ಲು, ಮತ್ತು ನಮ್ಮ ಬದುವಿಗೆ ಹತ್ತಿ ಲಸೂನ ಘಾಸ. ಪುಸ್ತಕದಲ್ಲಿ ಅದಕ್ಕೆ ಕುದುರೆ ಮಸಾಲೆ ಎಂದು ಬರೆದಿರುತ್ತಾರೆ. ಮೆಂತೆ ಸೊಪ್ಪಿನಂಥ ಎಲೆ. ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಕೊಯ್ದಷ್ಟೂ ಚಿಗುರುತ್ತದೆ. ಊರಿನಲ್ಲಿ ಅದನ್ನು ಬಿತ್ತಿದವರು ಬಾಪು ಕಾಕಾ ಒಬ್ಬರೇ. ಅವರಿಗೆ ಅದರ ಮೇಲೆ ಮಕ್ಕಳಿಗಿಂತ ಹೆಚ್ಚು ಅಕ್ಕರೆ.

ಮಾಗಿಯ ಸಂಜೆ ಅಪ್ಪ ಮತ್ತು ಬಾಪು ಕಾಕಾ ಬಾವಿಯ ಬೇವಿನ ಮರದ ಕೆಳಗೆ ಸೀತನಿ ಸುಡುತ್ತಿದ್ದರು. ಹಸಿ ಜೋಳದ ತೆನೆ ಕೆಂಡದಲ್ಲಿ ಚಟಚಟ ಎನ್ನುವಾಗ ನನ್ನ ಪರೀಕ್ಷೆ ಶುರು.

"ಸುನಂದಿ, ಕಣ್ಣ ಮುಚ್ಚ," ಎನ್ನುತ್ತಿದ್ದರು ಅಪ್ಪ.

ಕಣ್ಣು ಮುಚ್ಚಿ ಅಂಗೈ ಚಾಚಿದರೆ ಒಂದು ಎಲೆ ಇಡುತ್ತಿದ್ದರು. ನಾನು ಬೆರಳಾಡಿಸುತ್ತಿದ್ದೆ. ಅಂಚು ಬ್ಲೇಡಿನಂತೆ ಕೊರೆದರೆ ಆನೆ ಹುಲ್ಲು. ಅಂಚು ಅಲೆಅಲೆಯಾಗಿ, ಮೈಮೇಲೆ ಮೃದುವಾದ ರೋಮವಿದ್ದರೆ ಗೋವಿನಜೋಳ. ರೋಮವಿಲ್ಲದೆ ಮೇಣ ಸವರಿದಂತಿದ್ದರೆ ಜೋಳ. ಮುಟ್ಟಿದ ಕೈ ಆಮೇಲೆ ತುರಿಸಿದರೆ ಕಬ್ಬಿನ ಸೋಗೆ. ಒಣ ಮೇವಾದರೆ ಮೂಗಿಗೆ ಹಿಡಿಯುತ್ತಿದ್ದೆ. ಒಂದು ಸಲವೂ ತಪ್ಪಿರಲಿಲ್ಲ.

"ಅಲ್ಲೋ, ಈ ಪೋರಿ ಹಿಂದಿನ ಜನ್ಮದಾಗ ಆಕಳಾಗಿತ್ತೇನೋ!" ಎಂದು ಬಾಪು ಕಾಕಾ ತೊಡೆ ಬಡಿದು ನಗುತ್ತಿದ್ದರು. "ನಮ್ಮ ಹೊಲದ ಪರೀಕ್ಷಾ ಮಾಸ್ತರ ಈಕಿ!" ಆಮೇಲೆ ನನಗೆ ಹೊಸ ಬೆಲ್ಲದ ಉಂಡೆ. ಸಾಲೆಯಲ್ಲಿ ಹಾಜರಿ ಹೇಳಲಾರದ ನನಗೆ ಆ ಹೊಗಳಿಕೆ ಬೆಲ್ಲಕ್ಕಿಂತ ರುಚಿಯಾಗಿತ್ತು. ದಿನವಿಡೀ ಆ ಹೊತ್ತಿಗೇ ಕಾಯುತ್ತಿದ್ದೆ.

ಆ ಪರೀಕ್ಷೆಯಲ್ಲಿ ಅವರು ಕೊಟ್ಟದ್ದೆಲ್ಲ ಬಿತ್ತಿ ಬೆಳೆದ ಮೇವು. ತಾನಾಗಿ ಹುಟ್ಟಿದ ಕಸವನ್ನು ಯಾರೂ ನನ್ನ ಕೈಯಲ್ಲಿ ಇಟ್ಟಿರಲಿಲ್ಲ. ಅದು ನನಗಾಗ ಹೊಳೆದಿರಲಿಲ್ಲ.

ಇನ್ನು ತಂಗೆವ್ವನ ಬಗ್ಗೆ ಹೇಳಬೇಕು. ನಮ್ಮ ಹೊಲಕ್ಕೆ ಕಸ ತೆಗೆಯಲು ಬರುತ್ತಿದ್ದ ಹೆಂಗಸರಲ್ಲಿ ಅವಳು ಎಲ್ಲರಿಗಿಂತ ಹಳಬಳು. ಎತ್ತರದ ಆಳು. ಕುರುಪಿ ಹಿಡಿದು ಕೂತರೆ ಎದ್ದೇಳದೆ ಸಾಲು ಮುಗಿಸುತ್ತಿದ್ದಳು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗಂಡ ಇರಲಿಲ್ಲ. ಅವಳ ಮನೆಯಲ್ಲಿದ್ದ ಜೀವ ಎಂದರೆ ಚಂದ್ರಿ, ಹಣೆಗೆ ಬಿಳಿ ಚುಕ್ಕೆಯ ಎಮ್ಮೆ. ಚಂದ್ರಿಯ ಹಾಲೇ ಅವಳ ಎಣ್ಣೆ, ಉಪ್ಪು, ಸೀರೆ ಎಲ್ಲ. ಆ ಚಳಿಗಾಲ ಚಂದ್ರಿಗೆ ದಿನ ತುಂಬುತ್ತ ಬಂದಿತ್ತು.

"ಚಂದ್ರಿ ಈಯ್ಲಿ ತಡಿ," ಎಂದು ತಂಗೆವ್ವ ಊಟದ ಹೊತ್ತಿಗೆ ನನ್ನ ಕೈಗೆ ಬಿಸಿಲಲ್ಲಿ ಕಾದ ರೊಟ್ಟಿ, ಕೆಂಪು ಖಾರ ಇಡುತ್ತ ಹೇಳುತ್ತಿದ್ದಳು. "ಮೊದಲ್ನೇ ಗಿಣ್ಣ ನಿನಗ. ಬೆಲ್ಲಾ ಯಾಲಕ್ಕಿ ಹಾಕಿ ಕುಚ್ಚಿ, ಬಟ್ಟಲದಾಗ ತರತೇನಿ. ನಿಮ್ಮವ್ವಗ ಹೇಳಬ್ಯಾಡ, ಆಕಿನೂ ಪಾಲ ಕೇಳ್ತಾಳ!"

ಚಂದ್ರಿಗೆ ಮೇವು ಎಲ್ಲಿಂದ? ನಮ್ಮ ಕಡೆ ಒಂದು ರೂಢಿ ಇತ್ತು. ಹೊಲದಲ್ಲಿ ಕಿತ್ತ ಕಸ, ಬದುವಿನ ಹುಲ್ಲು ಕಿತ್ತವರದ್ದು. ಸಂಜೆ ಅದನ್ನು ಹೊರೆ ಕಟ್ಟಿ ಮನೆಗೆ ಒಯ್ಯುವುದು ಕೂಲಿಯಷ್ಟೇ ನ್ಯಾಯವಾದ ಹಕ್ಕು. ಒಮ್ಮೆ ಹೊರೆ ಕಟ್ಟಿದ ಮೇಲೆ ಹೊಲದವರು ಅದನ್ನು ಬಿಚ್ಚುವಂತಿಲ್ಲ. ಒಳಗೆ ಏನಿದೆ ಎಂದು ಕೇಳುವಂತೆಯೂ ಇಲ್ಲ. ಹೊಲದವರ ಕೈ ಹೊರೆಗೆ ತಾಗುವುದು ಅದನ್ನು ಹೆಂಗಸಿನ ತಲೆಗೆ ಎತ್ತಿಕೊಡುವಾಗ ಮಾತ್ರ. ಅಪ್ಪ ಎಷ್ಟೇ ದಣಿದಿದ್ದರೂ ಒಬ್ಬೊಬ್ಬರಿಗೂ ಎತ್ತಿಕೊಟ್ಟೇ ಬರುತ್ತಿದ್ದರು.

ಆ ದಿನ ಗೋದಿಗೆ ಎರಡನೇ ಸಲ ಕಸ ತೆಗೆಯುತ್ತಿದ್ದರು. ತಂಗೆವ್ವನ ಪಾಲಿಗೆ ಬಂದದ್ದು ಕಾಲುವೆಯ ಬಗಲಿನ ಸಾಲುಗಳು. ಅಲ್ಲಿ ನೀರಿನ ಪಸೆಗೆ ಕಸ ಮೊಣಕಾಲೆತ್ತರ ಬೆಳೆದಿತ್ತು. ಹೊತ್ತು ಇಳಿದಾಗ ಹೆಂಗಸರು ಹೊರೆ ಕಟ್ಟಿದರು. ನಾನು ಸಾಲೆ ಬಿಟ್ಟು ಸೀದಾ ಹೊಲಕ್ಕೆ ಬಂದಿದ್ದೆ.

ಬಾಪು ಕಾಕಾ ಬದುವಿನ ಮೇಲೆ ಕಾಣಿಸಿಕೊಂಡರು. ಮುಖ ಕೆಂಪಾಗಿತ್ತು.

"ನಿಂದರ್ರಿ ಎಲ್ಲಾರೂ! ನನ್ನ ಲಸೂನ ಘಾಸದ ಮೂಲೀನ ಯಾರೋ ಬೋಳಿಸಿ ಒಯ್ದಾರ. ನಿನ್ನೆ ಇದ್ದದ್ದು ಇವತ್ತಿಲ್ಲ. ಹೊರಿ ಇಳಸ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಂಗೆವ್ವ ತಲೆಯ ಮೇಲಿನ ಹೊರೆ ಇಳಿಸಲಿಲ್ಲ.

"ಯಾಕ್ರಿ ಅಣ್ಣಾರ? ಹೊರಿ ಬಿಚ್ಚೂ ರೂಢಿ ನಮ್ಮೂರಾಗ ಯಾವಾಗ ಬಂತ್ರಿ?"

"ಕಳವು ಮಾಡೂ ರೂಢಿ ಬಂದ್ ದಿನಾನ ಬಂತ. ಇಳಸ."

ಅಪ್ಪ ಏನಾದರೂ ಅನ್ನುತ್ತಾರೆಂದು ಅವಳು ಅವರ ಕಡೆಗೆ ನೋಡಿದಳು. ಅಪ್ಪ ಆಕಾಶ ನೋಡಿದರು. ನಮ್ಮ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಅದು ನಿಮಗೂ ಗೊತ್ತು. ಸೂರ್ಯ ಆಗಲೇ ಕಬ್ಬಿನ ತಲೆಗೆ ತಾಗಿದ್ದ. ಮನೆಯಲ್ಲಿ ಅವ್ವ ತಾಟು ಹಾಕಿಕೊಂಡು ದಾರಿ ನೋಡುತ್ತಿರುತ್ತಾಳೆ. "ತಂಗೆವ್ವಾ, ಒಮ್ಮಿ ತೋರಿಸಿ ಬಿಡವಾ. ಹೊತ್ತ ಆಗೇತಿ," ಎಂದರು ಅಪ್ಪ. ಅಷ್ಟೇ.

ಅವಳು ಹೊರೆ ಇಳಿಸಿದಳು. ಹಗ್ಗದ ಗಂಟು ಬಾಪು ಕಾಕಾನೇ ಎಳೆದರು. ಕರಿಕೆ, ಹಕ್ಕರಕಿ, ನಡುವೆ ಒತ್ತಾಗಿ ಮೂರೆಲೆಯ ಹಸಿರು.

"ಇದೇನ?" ಎಂದರು.

"ಕಾಲವಿ ದಂಡಿ ಕಸಾ ರೀ. ಅಡವಿ ಮೆಂತಿ," ಎಂದಳು ತಂಗೆವ್ವ.

"ಅಡವಿ ಮೆಂತಿ ಅಂತ! ಎಲ್ಲದಾಳ ನಮ್ಮ ಪರೀಕ್ಷಾ ಮಾಸ್ತರ? ಬಾ ಇಲ್ಲಿ ಸುನಂದಿ. ನೀನ ಹೇಳ."

ನಾನು ಮುಂದೆ ಹೋದೆ. ಆ ಎರಡು ಹೆಜ್ಜೆ ನಡೆಯುವಾಗ ನನಗಾದದ್ದು ಭಯವಲ್ಲ. ಸಂತೋಷ. ಇಷ್ಟು ಜನ ದೊಡ್ಡವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಒಂದು ಹಿಡಿ ಎಳೆದುಕೊಂಡೆ. ಮೂರು ಎಲೆ, ಸಣ್ಣ ಕಾಂಡ, ಹಸಿ ಮೆಂತೆಯ ವಾಸನೆ. ಕೆಳಗೆ ಬೇರಿತ್ತು, ಬೇರಿಗೆ ಹಸಿ ಮಣ್ಣು ಅಂಟಿತ್ತು. ಆ ಮಣ್ಣು ನನ್ನ ಪರಕಾರದ ನೆರಿಗೆಯ ಮೇಲೆ ಉದುರಿತು, ನಾನು ಅದನ್ನು ಕೊಡವಿಕೊಂಡೆ ಕೂಡ.

"ಲಸೂನ ಘಾಸ," ಎಂದೆ.

"ಅಯ್ಯ ನನ್ನವ್ವಾ, ಸರಿಯಾಗಿ ನೋಡ," ಎಂದಳು ತಂಗೆವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಮಗ್ಗಿ ಹೇಳಿದ ಮಗುವಿಗೆ ಇನ್ನೊಮ್ಮೆ ಹೇಳು ಅನ್ನುವಂತಿತ್ತು. "ಒಂದ ಎಲಿ ಬಾಯಾಗ ಹಾಕ್ಕೊಂಡ ನೋಡ."

ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಎಂದೂ ಎರಡನೇ ಸಲ ಹೇಳಿದವಳಲ್ಲ ನಾನು.

"ಲಸೂನ ಘಾಸನ ಐತಿ. ನನಗ ಗೊತ್ತ," ಎಂದೆ.

ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಎಲ್ಲಿಯೂ ಮಾತಾಡಿರಲಿಲ್ಲ.

"ಕೇಳ್ದೇನ?" ಎಂದರು ಬಾಪು ಕಾಕಾ. "ಸಣ್ಣ ಕೂಸು, ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ. ನಾಳಿಂದ ನನ್ನ ಹೊಲದಾಗ ಕಾಲ ಇಡಬ್ಯಾಡ. ಯಾರ ಹೊಲದಾಗೂ ಇಡದಂಗ ಮಾಡತೇನಿ."

ಉಳಿದ ಹೊರೆಗಳನ್ನು ಅವರು ಬಿಚ್ಚಲಿಲ್ಲ. ಕಳ್ಳಿ ಸಿಕ್ಕಿದ್ದಳಲ್ಲ. ತಂಗೆವ್ವ ಹಗ್ಗ ಮಾತ್ರ ಸುತ್ತಿಕೊಂಡು, ಕುರುಪಿ ಸೊಂಟಕ್ಕೆ ಸಿಕ್ಕಿಸಿ, ಬರಿ ತಲೆಯಲ್ಲಿ ಹೋದಳು. ಯಾವಾಗಲೂ ಹೊರೆಯ ಕೆಳಗೆ ಕಾಣುತ್ತಿದ್ದ ಅವಳು ಅಂದು ಬರಿ ತಲೆಯಲ್ಲಿ ಹೋಗುವಾಗ ಬೇರೆ ಯಾರೋ ಹೋದ ಹಾಗೆ ಕಂಡಿತು. ನಾವು ಓಡೋಡಿ ಮನೆಗೆ ಬಂದು ಬೆಳಕಿರುವಾಗಲೇ ಉಂಡೆವು. ಬಾಪು ಕಾಕಾನ ಮನೆಯಿಂದ ನನಗೆ ಬೆಲ್ಲ ಬಂತು. ನಾನು ತಿಂದೆ.

ಕಳವಿನ ಮೇವು ತಮ್ಮ ಆಕಳಿಗೆ ಬೇಡವೆಂದು ಬಾಪು ಕಾಕಾ ಆ ಹೊರೆಯನ್ನು ನಮ್ಮ ಹೊಲದಲ್ಲೇ ಬಿಟ್ಟಿದ್ದರು. ಅಪ್ಪನಿಗೂ ಅದನ್ನು ದನಕ್ಕೆ ಹಾಕಲು ಮನಸ್ಸಾಗಲಿಲ್ಲ. ಹಿತ್ತಲಿನ ಬಣವೆಯ ಮೇಲೆ ಒಗೆದರು.

ತಂಗೆವ್ವ ಕೆಲಸಕ್ಕೆ ಬರುವುದು ನಿಂತಿತು. ಬಾಪು ಕಾಕಾ ಹೇಳಿದಂತೆಯೇ ಮಾಡಿದ್ದರು. ಊರಿನಲ್ಲಿ ಯಾರೂ ಅವಳನ್ನು ಹೊಲಕ್ಕೆ ಕರೆಯಲಿಲ್ಲ. ಅವಳು ಹೊಳೆಯ ದಂಡೆಯಲ್ಲಿ ಅಷ್ಟಿಷ್ಟು ಹುಲ್ಲು ಕೀಳುತ್ತಾಳೆಂದು ಅವ್ವ ಯಾರಿಗೋ ಹೇಳುವುದು ಕೇಳಿಸಿತು. "ಗಬ್ಬದ ಎಮ್ಮಿ, ಅದಕ್ಕ ಅಷ್ಟು ಹೆಂಗ ಸಾಕಾಕೈತಿ?" ಎಂದು ಅವ್ವ ಅಂದಳು. ನನ್ನ ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಆಯಿ ನನ್ನನ್ನು ಒಮ್ಮೆ ನೋಡಿ ಜಪಮಣಿ ತಿರುಗಿಸಿದಳು.

ಕೆಲವು ದಿನಗಳಾದ ಮೇಲೆ ಸಾಲೆಯಿಂದ ಬಂದು ಹಿತ್ತಲಿಗೆ ಹೋದೆ. ಬಿಸಿಲಿತ್ತು. ಬಣವೆಯ ಕಡೆಯಿಂದ ಒಂದು ಪರಿಮಳ ಬಂತು. ಯಾರ ಮನೆಯಲ್ಲಾದರೂ ಹಬ್ಬದ ಅಡಿಗೆಯೋ ಏನೋ ಎಂದುಕೊಂಡೆ. ಹೊಸ ಬೆಲ್ಲ ಆರುವಾಗಿನ ವಾಸನೆಗೆ ಒಣ ಹುಲ್ಲಿನ ವಾಸನೆ ಬೆರೆತರೆ ಹೇಗಿರುತ್ತದೆಯೋ ಹಾಗೆ. ಮೂಗಿನ ಜಾಡು ಹಿಡಿದು ಬಣವೆ ಹತ್ತಿದೆ. ಆ ಪರಿಮಳ ತಂಗೆವ್ವನ ಹೊರೆಯಿಂದ ಬರುತ್ತಿತ್ತು.

ಲಸೂನ ಘಾಸ ಒಣಗಿದರೆ ಹೇಗೆ ನಾರುತ್ತದೆಂದು ನನಗೆ ಗೊತ್ತಿತ್ತು. ಬಾಪು ಕಾಕಾ ಮಳೆಗಾಲಕ್ಕೆಂದು ಒಣಗಿಸಿ ಇಡುತ್ತಿದ್ದರು, ಅದರಲ್ಲಿಯೂ ನನ್ನ ಪರೀಕ್ಷೆಯಾಗಿತ್ತು. ಅದಕ್ಕೆ ಒಣ ಮೆಂತೆಯ ಕಹಿ ವಾಸನೆ. ಈ ಸಿಹಿ ಅದರದ್ದಲ್ಲ. ಒಂದು ಕಡ್ಡಿ ಎಳೆದೆ. ತುದಿಯಲ್ಲಿ ಒಣಗಿದ ಸಣ್ಣ ಮೊಗ್ಗಿನ ಸಾಲು. ಬೆರಳಲ್ಲಿ ಉಜ್ಜಿದರೆ ಹಳದಿ. ಕೆಳಗೆ ಬೇರು. ಇನ್ನೊಂದು ಎಳೆದೆ, ಅದಕ್ಕೂ ಬೇರು. ಎಲ್ಲದಕ್ಕೂ ಬೇರು.

ಬಣವೆಯಿಂದ ಇಳಿದವಳು ಬಾಪು ಕಾಕಾನ ಹೊಲದವರೆಗೆ ಓಡಿದೆ. ಲಸೂನ ಘಾಸದ ಮಡಿಯಲ್ಲಿ ಬೀಜಕ್ಕೆಂದು ಬಿಟ್ಟ ಸಾಲಿನಲ್ಲಿ ಹೂವು ನೇರಳೆ ಬಣ್ಣದಲ್ಲಿ ತುಂಬಿತ್ತು. ಕಳವಾದ ಮೂಲೆಯಲ್ಲಿ ಕೂತು ನೋಡಿದೆ. ಗಿಡಗಳನ್ನು ನೆಲಕ್ಕೆ ಹತ್ತಿ ಕುಡಗೋಲಿನಿಂದ ಸವರಿದ್ದರು, ಬೇರೆಲ್ಲ ಭೂಮಿಯಲ್ಲೇ ಇತ್ತು, ಚಿಗುರೂ ಒಡೆದಿತ್ತು. ಮೇವು ಕದಿಯುವವರು ಕೊಯ್ಯುತ್ತಾರೆ. ಬೇರು ಸಮೇತ ಕೀಳುವುದು ಕಸ ತೆಗೆಯುವವರು. ಇದನ್ನು ತಿಳಿಯಲು ಕಣ್ಣು ಮುಚ್ಚಿ ಎಲೆ ಗುರುತಿಸುವ ವಿದ್ಯೆ ಬೇಕಾಗಿರಲಿಲ್ಲ. ಆ ದಿನ ನನ್ನ ಪರಕಾರದ ಮೇಲೆ ಮಣ್ಣು ಬಿದ್ದಾಗಲೇ ತಿಳಿಯಬೇಕಿತ್ತು. ಅಲ್ಲಿದ್ದ ಎಲ್ಲರೂ ಆ ಬೇರು ಕಂಡಿದ್ದರು. ನಾನು ಗಟ್ಟಿಯಾಗಿ ಹೇಳಿದ ಮೇಲೆ ಯಾರೂ ಮತ್ತೆ ನೋಡಲಿಲ್ಲ.

ಅಳುತ್ತ ಬಂದು ಅಪ್ಪನಿಗೆ ಹೇಳಿದೆ. ಕಡ್ಡಿ ತೋರಿಸಿದೆ. ಅಪ್ಪ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಮೂಸಿದರು. ಆಯಿ ಒಳಗಿನಿಂದ ಕೇಳಿಸಿಕೊಂಡು ಹೊಸ್ತಿಲಿಗೆ ಬಂದಳು.

"ಹುಳಾ ಹುಪ್ಪಡಿ ಸತ್ತೀತು ಅಂತ ಹೊತ್ತ ಮುಣಗೂ ಮೊದಲ ಉಣ್ಣೂ ಮಂದಿ ನಾವು," ಎಂದಳು. "ಊಟಕ್ಕ ಹೊತ್ತಾತಂತ ಆ ಹೆಣಮಗಳ ಹೊರಿ ಬಿಚ್ಚಿಸಿ ಬಂದ್ಯಲ್ಲೋ ನನ್ನ ಮಗನ." ಹಾಗಂದು ಒಳಗೆ ಹೋದಳು.

ಅಪ್ಪ ಬಾಪು ಕಾಕಾನ ಬಳಿಗೆ ಹೋದರು. ನಾನೂ ಹಿಂದೆ ಹೋದೆ. ಬಾಪು ಕಾಕಾ ಕಡ್ಡಿ ನೋಡಿದರು, ತಲೆ ಕೆರೆದುಕೊಂಡರು. "ಹೌದಲ್ಲೋ," ಎಂದರು. "ಹಂಗಾರ ಕಬ್ಬಿನ ಗಾಡಿಯವರ ಕೊಯ್ದಿರಬೇಕ. ಆತೇಳು, ಸಣ್ಣ ಹುಡುಗಿ, ತಪ್ಪ್ಯಾಳ. ಆಕಿಗೆ ನಾಳಿಂದ ಕೆಲಸಕ್ಕ ಬಾ ಅಂತ ಹೇಳ." ನನ್ನ ಕಡೆಗೆ ತಿರುಗಿ ನಕ್ಕರು, "ಮಾಸ್ತರ ಮೊದಲ್ನೇ ಸಲ ಫೇಲ!"

ಅಲ್ಲಿಂದ ತಂಗೆವ್ವನ ಮನೆಗೆ. ಊರ ಹೊರಗಿನ ತಗಡಿನ ಮನೆ. ಬಾಗಿಲ ಬಗಲಿನ ಗೂಟ ಖಾಲಿ ಇತ್ತು. ಕಾಲಿನ ಗುರುತು, ಒಣಗಿದ ಸಗಣಿ ಇದ್ದವು. ಚಂದ್ರಿ ಇರಲಿಲ್ಲ.

"ಎಮ್ಮಿ ಎಲ್ಲಿ ತಂಗೆವ್ವಾ?" ಎಂದರು ಅಪ್ಪ.

"ಚಿಂಚಲಿಗೆ ಕಳಿಸೇನ್ರಿ ಅಣ್ಣಾರ, ನನ್ನ ನಾದಿನಿ ಮನಿಗೆ. ಅರ್ಧ ಪಾಲಿಗೆ. ಮೇವ ಅವರದು, ಹಾಲು ಕರಾ ಅರ್ಧರ್ಧ. ತುಂಬಿದ ಎಮ್ಮಿ, ಉಪಾಸ ಕಟ್ಟಾಕ ಆಗತೈತೇನ್ರಿ?" ಅವಳು ನಮಗೆ ಚಾಪೆ ಹಾಸಿದಳು. ಹಾಲಿಲ್ಲದ ಚಹಾ ಕೊಟ್ಟಳು, ಬೆಲ್ಲ ಜಾಸ್ತಿ ಹಾಕಿ.

ಅಪ್ಪ ನಡೆದದ್ದನ್ನೆಲ್ಲ ಹೇಳಿದರು. "ತಪ್ಪಾಗೇತಿ ತಂಗೆವ್ವಾ. ಎಮ್ಮಿ ತಿರಗಿ ತಗೊಂಡ ಬಾ. ಮೇವು ನಾ ಕೊಡತೇನಿ."

"ಮಾತ ಕೊಟ್ಟ ಬಂದೇನ್ರಿ. ಮೇವ ಹಾಕಾಕ ಸುರು ಮಾಡ್ಯಾರ, ಈಗ ಹೆಂಗ ಕೇಳ್ಲಿ?" ಎಂದಳು. ಆಮೇಲೆ, "ಕೂಸಿಗೆ ಬೈಬ್ಯಾಡ್ರಿ. ಅದಕ್ಕೇನ ತಿಳೀತೈತಿ," ಎಂದಳು. ಅದನ್ನು ನನ್ನ ಕಡೆಗೆ ನೋಡದೆ ಹೇಳಿದಳು. ಬೈದಿದ್ದರೆ ನಾನು ಅಳುತ್ತಿದ್ದೆ, ಅತ್ತು ಹಗುರಾಗುತ್ತಿದ್ದೆ. ಬಟ್ಟಲಿನ ಚಹಾ ಹಾಗೇ ಬಿಟ್ಟು ಎದ್ದೆ.

ಎರಡು ದಿನದ ಮೇಲೆ ತಂಗೆವ್ವ ಗೋದಿಯ ಹೊಲಕ್ಕೆ ಬಂದಳು. ಎಲ್ಲ ಸರಿಹೋಯಿತೆಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಊಟದ ಹೊತ್ತಿಗೆ ಅವಳ ಬಗಲಿಗೇ ಹೋಗಿ ಕೂತೆ. ರೊಟ್ಟಿ ಕೊಟ್ಟಳು. ಹರಟೆ ಹೊಡೆಯಲಿಲ್ಲ. ಸಂಜೆ ಹೊರೆ ಕಟ್ಟಿದಳು. ಎಮ್ಮೆ ಚಿಂಚಲಿಯಲ್ಲಿದ್ದರೂ ಕಟ್ಟಿದಳು, ನೆರೆಯವರ ದನಕ್ಕೆ ಕೊಡುತ್ತಾಳೆಂದು ಆಮೇಲೆ ತಿಳಿಯಿತು. ಅಪ್ಪ ಎತ್ತಿಕೊಡಲು ಬಗ್ಗಿದರು. ಅವಳು ಅವರಿಗಿಂತ ಮೊದಲೇ ಬಗ್ಗಿ ಹಗ್ಗದ ಗಂಟು ಬಿಚ್ಚಿದಳು. ಹುಲ್ಲನ್ನು ಎರಡೂ ಕೈಯಿಂದ ಬದುವಿನ ಮೇಲೆ ಹರವಿದಳು, ಕಣದಲ್ಲಿ ಕಾಳು ಹರವುವ ಹಾಗೆ.

"ಏನ ಮಾಡಾಕತ್ತಿ ತಂಗೆವ್ವಾ? ಬ್ಯಾಡ," ಎಂದರು ಅಪ್ಪ.

"ಇರಲಿ ಬಿಡ್ರಿ. ಸುನಂದಕ್ಕ ಒಮ್ಮಿ ನೋಡ್ಲಿ," ಎಂದಳು. "ಬಾ ತಂಗಿ. ನೋಡ."

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಹೋಗಲಿಲ್ಲ. ಅಪ್ಪನ ಧೋತರದ ಹಿಂದೆ ನಿಂತೆ. ಅವಳು ಕಾದಳು. ನಾನು ಬಾರದ್ದನ್ನು ನೋಡಿ ಮತ್ತೆ ಹುಲ್ಲು ಕೂಡಿಸಿ, ಹೊರೆ ಕಟ್ಟಿ, ಅಪ್ಪನ ಕೈಗೆ ಕಾಯದೆ ಪಕ್ಕದವಳಿಂದ ಎತ್ತಿಸಿಕೊಂಡು ಹೋದಳು.

ಮರುದಿನವೂ ಹಾಗೇ ಬಿಚ್ಚಿದಳು. ಅದರ ಮರುದಿನವೂ. ಅವಳು ಬಿಚ್ಚಿದ ಮೇಲೆ ಉಳಿದ ಹೆಂಗಸರು ಹಾಗೇ ಹೋಗುವುದು ಹೇಗೆ? ಅವರೂ ಬಿಚ್ಚತೊಡಗಿದರು. ಸುಗ್ಗಿಯ ಹೊತ್ತಿಗೆ ನಮ್ಮ ದಿಕ್ಕಿನ ಹೊಲಗಳಲ್ಲೆಲ್ಲ ಸಂಜೆಯಾದರೆ ಹೆಂಗಸರು ಬದುವಿನ ಮೇಲೆ ಹೊರೆ ಬಿಚ್ಚಿ ನಿಲ್ಲುವುದು ರೂಢಿಯಾಯಿತು. "ಚಲೋ ಆತು ನೋಡ," ಎಂದು ಬಾಪು ಕಾಕಾ ಅಂದದ್ದನ್ನು ನಾನು ಕೇಳಿದ್ದೇನೆ. ಮುಂದಿನ ವರ್ಷ ಕೆಲಸಕ್ಕೆ ಬಂದ ಹೊಸ ಹುಡುಗಿಯರು ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ ಎಂದೇ ತಿಳಿದಿದ್ದರು. ನನ್ನ ಒಂದು ಮಾತಿನಿಂದ ಶುರುವಾದದ್ದೆಂದು ಅವರಿಗೆ ಯಾರು ಹೇಳಬೇಕು?

ಚಂದ್ರಿ ಚಿಂಚಲಿಯಲ್ಲಿ ಈದಳು. ಹೆಣ್ಣು ಕರು ಎಂದು ಸುದ್ದಿ ಬಂತು. ಗಿಣ್ಣ ಬರಲಿಲ್ಲ. ಬರುವುದು ಹೇಗೆ? ಚಂದ್ರಿ ಮತ್ತೆ ತಂಗೆವ್ವನ ಗೂಟಕ್ಕೆ ಬರಲೇ ಇಲ್ಲ.

ಬೇವಿನ ಮರದ ಕೆಳಗೆ ಸೀತನಿ ಸುಡುವಾಗ ಅಪ್ಪ ಮುಂದೆ ಎಂದೂ ನನಗೆ ಕಣ್ಣು ಮುಚ್ಚು ಅನ್ನಲಿಲ್ಲ. ಬಾಪು ಕಾಕಾ ಒಮ್ಮೆ ಎಲೆ ಹಿಡಿದು ಬಂದರು. ನಾನು ಎದ್ದು ಮನೆಗೆ ಓಡಿದೆ.

ಮದುವೆಯಾಗಿ ಅಥಣಿಯ ಕಡೆಯ ಈ ಮನೆಗೆ ಬಂದೆ. ಇಲ್ಲಿಯೂ ಹೆಂಗಸರು ಸಂಜೆ ಹೊರೆ ಕಟ್ಟುತ್ತಿದ್ದರು. ನಿಮ್ಮ ಅಜ್ಜನಿಗೆ ನಾನು ಕೇಳಿಕೊಂಡದ್ದು ಒಂದೇ, ನಮ್ಮ ಹೊಲದಲ್ಲಿ ಯಾರ ಹೊರೆಯನ್ನೂ ಬಿಚ್ಚಿಸಬಾರದು, ಒಳಗೆ ಇಡೀ ಬೆಳೆಯನ್ನೇ ಕಟ್ಟಿಕೊಂಡು ಹೋದರೂ ಬಿಚ್ಚಿಸಬಾರದು. ಯಾಕೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಕೊನೆಯವರೆಗೂ ಬಿಚ್ಚಿಸಲಿಲ್ಲ.

ನಿಮ್ಮ ಅಪ್ಪ ಹುಟ್ಟಿದ ವರ್ಷ ತವರಿಗೆ ಹೋದಾಗ ಬಸ್ಸಿನಿಂದ ಇಳಿಯುತ್ತಿದ್ದಂತೆ ತಂಗೆವ್ವ ಎದುರಾದಳು. ಬೆನ್ನು ಬಾಗಿತ್ತು. ತಲೆಯ ಮೇಲೆ ಕಟ್ಟಿಗೆಯ ಹೊರೆ. ಹೊರೆ ಇಳಿಸಿ ಮಗುವನ್ನು ಎತ್ತಿಕೊಂಡಳು, ದೃಷ್ಟಿ ತೆಗೆದಳು, ಗಲ್ಲ ಹಿಂಡಿದಳು. ಆಮೇಲೆ ನನ್ನ ಮುಖ ನೋಡಿ, "ಇದಕ್ಕೂ ಹುಲ್ಲಿನ ಹೆಸರ ಕಲಸ್ತಿಯೇನವಾ?" ಎಂದು ಕೇಳಿ ಬಾಯಿ ತುಂಬ ನಕ್ಕಳು. ಮೊದಲಿನ ಹರಟೆಯ ತಂಗೆವ್ವನ ನಗೆಯೇ. ಅದು ಚೇಷ್ಟೆಯೋ ಕ್ಷಮೆಯೋ ಬೇರೆ ಏನೋ ನನಗೆ ತಿಳಿಯಲಿಲ್ಲ. "ತಪ್ಪಾತು ತಂಗೆವ್ವಾ" ಎನ್ನಬೇಕೆಂದು ಬಾಯಿ ತೆರೆದೆ. ಅಂದು ಬದುವಿನ ಮೇಲೆ ಅಷ್ಟು ಗಟ್ಟಿಯಾಗಿ ಹೊರಟ ಮಾತು ಈಗ ಹೊರಡಲಿಲ್ಲ. ಬಗ್ಗಿ ಕಟ್ಟಿಗೆಯ ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟೆ. ಅಷ್ಟೇ ಮಾಡಿದೆ. ಮತ್ತೊಮ್ಮೆ ಹೋಗುವಷ್ಟರಲ್ಲಿ ಅವಳು ಇರಲಿಲ್ಲ.

ಈಗ ಬಾಪು ಕಾಕಾನ ಮಡಿಗಳಿಲ್ಲ. ಅಲ್ಲಿಂದ ಹೊಳೆಯವರೆಗೆ ಕಬ್ಬು, ಬರೀ ಕಬ್ಬು. ಕಸಕ್ಕೆ ಔಷಧ ಹೊಡೆಯುತ್ತಾರೆ, ಒಂದೇ ದಿನದಲ್ಲಿ ಸುಟ್ಟ ಹಾಗೆ ಕೆಂಪಗಾಗುತ್ತದೆ. ಕುರುಪಿ ಹಿಡಿದು ಸಾಲಿಗೆ ಕೂರುವ ಹೆಂಗಸರಿಲ್ಲ. ಹೊರೆಯಿಲ್ಲ, ಎತ್ತಿಕೊಡುವ ಕೈಯೂ ಇಲ್ಲ. ನಿಮ್ಮ ಮನೆಗೆ ಹಾಲು ಪಾಕೀಟಿನಲ್ಲಿ ಬರುತ್ತದೆ, ಅದು ಏನು ತಿಂದ ದನದ್ದೆಂದು ಮೂಸಿ ಹೇಳಲು ನನಗೂ ಆಗುವುದಿಲ್ಲ. ಆ ಹಳದಿ ಹೂವ ಕಂಡು ನನಗೆ ಎಷ್ಟು ವರ್ಷವಾಗಿತ್ತೋ. ಔಷಧಕ್ಕೆ ಸತ್ತೇ ಹೋಯಿತೆಂದುಕೊಂಡಿದ್ದೆ. ನೀವು ಬೇರು ಸಮೇತ ಕಿತ್ತು ತಂದು ನನ್ನ ಮುಂದೆ ಹಿಡಿದಿರಿ.

ಅದರ ಹೆಸರು ಅಡವಿ ಮೆಂತೆ. ತಂಗೆವ್ವ ಹೇಳಿದ ಹೆಸರು ಅದು. ನೀವು ಕೇಳಿದಾಗಲೇ ಹೇಳಬೇಕಿತ್ತು.

ನೀವು ಕಟ್ಟೆಯ ಮೇಲೆ ಬಿಟ್ಟ ಗಿಡವನ್ನು ನಾನು ಎಸೆಯಲಿಲ್ಲ. ನೆರಳಲ್ಲಿ ಒಣಗಿಸಿ ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಬೇರನ್ನು ಕತ್ತರಿಸಿಲ್ಲ, ಮಣ್ಣನ್ನೂ ತೊಳೆದಿಲ್ಲ. ಹಾಳೆ ಬಿಡಿಸಿದರೆ ಆ ಸಿಹಿ ವಾಸನೆ ನಿಮಗೂ ಬರುತ್ತದೆ, ಬಹಳ ವರ್ಷ ಬರುತ್ತದೆ. ಇವನ್ನು ರದ್ದಿಗೆ ಹಾಕಬೇಡಿರಿ. ನಿಮ್ಮ ಪುಸ್ತಕಗಳ ಜೊತೆಗೆ ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿರಿ.

ನಿಮ್ಮ ಅಜ್ಜಿ